ಬಲೆಯ ಹತ್ತಿರ ಅಪ್ಪ

'ಫೈಂಡಿಂಗ್ ನೀಮೋ' (2003) ಮಕ್ಕಳ ಚಿತ್ರ ಅಂತಲೇ ಹೆಸರಾದದ್ದು. ಪುಣೆಯ ನಮ್ಮ ಮನೆಯಲ್ಲಿ ಮಗಳ ಹಟಕ್ಕೆ ಅದೆಷ್ಟು ಸಲ ನೋಡಿದ್ದೇವೋ! ನನಗಂತೂ ಇದು ಅಪ್ಪಂದಿರ ಚಿತ್ರ.

ಆಂಡ್ರ್ಯೂ ಸ್ಟಾಂಟನ್ ನಿರ್ದೇಶಿಸಿದ ಈ ಕಥೆ ಶುರುವಾಗೋದೇ ಸಾವಿನಿಂದ. ಬ್ಯಾರಕುಡಾ ಎಂಬ ದೊಡ್ಡ ಮೀನು ಮಾರ್ಲಿನ್‌ನ ಹೆಂಡತಿಯನ್ನೂ ನೂರಾರು ಮೊಟ್ಟೆಗಳನ್ನೂ ನುಂಗಿಹಾಕುತ್ತದೆ. ಉಳಿದ ಒಂದೇ ಮೊಟ್ಟೆಯಿಂದ ಹುಟ್ಟಿದ ನೀಮೋನ ಒಂದು ಈಜುರೆಕ್ಕೆ ಪುಟ್ಟದು. ಇಂಥ ಮಗನ ಅಪ್ಪ ಅಂಜುಬುರುಕನಾಗದೆ ಇನ್ನೇನಾದಾನು?

ಮಗ ಸಿಡ್ನಿಯ ದಂತವೈದ್ಯನೊಬ್ಬನ ಗಾಜಿನ ತೊಟ್ಟಿ ಸೇರಿದ ಮೇಲೆ ಮಾರ್ಲಿನ್ ಶಾರ್ಕು, ಜೆಲ್ಲಿಮೀನು ಎಲ್ಲ ದಾಟಿ ಹುಡುಕಿ ಹೋಗುತ್ತಾನೆ. ಧೈರ್ಯ ಅಂತ ಜನ ಮೆಚ್ಚೋದು ಇದನ್ನೇ. ನನಗೆ ಹಾಗನ್ನಿಸಲಿಲ್ಲ; ಅದು ಸಂಕಟ ಓಡಿಸಿದ ಓಟ. ನಿಜವಾದ ಧೈರ್ಯ ಇರೋದು ಕೊನೆಯಲ್ಲಿ. ಮೀನುಗಾರರ ಬಲೆಗೆ ಗೆಳತಿ ಡೋರಿ ಸಿಕ್ಕಿಬೀಳುತ್ತಾಳೆ. ಮೀನುಗಳೆಲ್ಲ ಒಟ್ಟಾಗಿ ಕೆಳಕ್ಕೆ ಈಜಿದರೆ ಬಲೆ ಹರಿದೀತು, ಅದನ್ನು ಹೇಳೋಕೆ ಒಳಗೆ ಹೋಗ್ತೀನಿ ಅಂತಾನೆ ನೀಮೋ. ಆಗಷ್ಟೇ ಸಿಕ್ಕ ಮಗ! ಮೊದಲು ಬೇಡವೆಂದ ಅಪ್ಪ, ಆಮೇಲೆ ಬಿಡುತ್ತಾನೆ.

ಊರು ಬಿಟ್ಟು ಬಂದ ನಮ್ಮಂಥವರನ್ನು ನೆಂಟರು ಧೈರ್ಯವಂತರು ಅಂತ ಹೊಗಳ್ತಾರೆ. ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿ, ಕಿಟಕಿಯ ಸರಳು ಹಿಡಿದು ಜೊತೆಗೆ ನಾಲ್ಕು ಹೆಜ್ಜೆ ನಡೆದು, ಕೈಬಿಟ್ಟ ಅಪ್ಪನನ್ನು ಯಾರೂ ಹಾಗಂದದ್ದು ಕೇಳಿಲ್ಲ.

ತೊಟ್ಟಿಯ ಮೀನುಗಳ ತಮಾಷೆ ತುಸು ಉದ್ದವಾಯ್ತು, ಇರಲಿ. ಆದರೆ ತಾಯಿಯನ್ನು ಆರಂಭದಲ್ಲೇ ಮುಗಿಸಿಬಿಟ್ಟದ್ದು ನನಗೆ ಒಪ್ಪಿಗೆಯಿಲ್ಲ. ಸ್ಟೇಷನ್ನಿಗೂ ಬಾರದೆ, ಬುತ್ತಿ ಕಟ್ಟಿ ಬಾಗಿಲಲ್ಲೇ ನಿಂತ ಅಮ್ಮಂದಿರ ಧೈರ್ಯಕ್ಕೆ ಈ ಕಡಲಿನಲ್ಲಿ ಜಾಗವೇ ಇಲ್ಲ.