ಅಂಗುಲದ ಆಳಿಗೆ ಬಿಸಿಲು

ಅಮ್ಮನ ಮಾತ್ರೆ ಡಬ್ಬಿ ಎರಡು ದಿನದಿಂದ ಕಾಣುತ್ತಿರಲಿಲ್ಲ. ಸಿಕ್ಕಿದ್ದು ಅಕ್ಕನ ಮಗಳ ಓದುವ ಮೇಜಿನ ಮೇಲೆ. ಮಾತ್ರೆಗಳೆಲ್ಲ ಒಂದು ಸ್ಟೀಲ್ ಲೋಟದಲ್ಲಿದ್ದವು. ಡಬ್ಬಿ ತಲೆಕೆಳಗಾಗಿ ನಿಂತಿತ್ತು. ಅದರ ತಳಕ್ಕೆ ಮೆತ್ತಿದ ಅಂಟಿನ ಮೇಲೆ ಬೂದು ಬಣ್ಣದ ಪ್ಲಾಸ್ಟಿಕ್ ಸೈನಿಕನೊಬ್ಬ ಈಟಿ ಹಿಡಿದು ನಿಂತಿದ್ದ. ಎತ್ತರ ಒಂದಂಗುಲಕ್ಕಿಂತ ತುಸು ಹೆಚ್ಚು.

"ಮಾಮಾನೇ ಹೇಳಿದ್ದು ಅಜ್ಜಿ, ಬೊಂಬೇನ ಕೈಯಲ್ಲಿ ಹಿಡೀಬಾರ್ದಂತೆ" ಎಂದು ಅವಳು ನನ್ನ ಕಡೆ ಬೆರಳು ತೋರಿಸಿದಳು. ಹೇಳಿದ್ದು ಹೌದು. ಬೆರಳಿನ ಜಿಡ್ಡು ತಗುಲಿದರೆ ಬಣ್ಣ ಸವೆಯುತ್ತದೆ, ಬೊಂಬೆಗೊಂದು ಹಿಡಿ ಬೇಕೇ ಬೇಕು. ಆದರೆ ಅದು ಅಮ್ಮನ ಬಿ.ಪಿ. ಮಾತ್ರೆ ಡಬ್ಬಿಯೇ ಆಗಬೇಕೆಂದು ನಾನು ಹೇಳಿರಲಿಲ್ಲ.

ಈ ಅಂಕಣವನ್ನು ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ಮೇಜಿನ ಮೇಲೆ ಪುಟ್ಟ ಸೈನ್ಯಗಳನ್ನು ನಿಲ್ಲಿಸಿ, ಅಳತೆಪಟ್ಟಿ ಹಿಡಿದು ನಡೆಸಿ, ದಾಳ ಉರುಳಿಸಿ ಕಾದಾಡುವ ಆಟವಿದು. ಕೇಳಿದವರು ಇದು ವಿಲಾಯಿತಿ ಹುಚ್ಚು ಅನ್ನುತ್ತಾರೆ. ನಮ್ಮ ಚದುರಂಗ ಮತ್ತೇನು? ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಸೈನ್ಯವೇ ಆ ಹೆಸರಿನಲ್ಲಿದೆ. ಮುಮ್ಮಡಿ ಕೃಷ್ಣರಾಜ ಒಡೆಯರಂತೂ (1794–1868) ತಮ್ಮ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಎಂಬ ಭಾಗದಲ್ಲಿ ಆಟಗಳಿಗೆ ಜಾಗ ಕೊಟ್ಟವರು. ಅವರ ಆಸ್ಥಾನದ ಗಂಜೀಫಾ ಎಂಬ ಇಸ್ಪೀಟು ಎಲೆಗಳ ಮೇಲೆ ಉಗುರಗಲದ ದೇವತೆಗಳನ್ನು ಬರೆದವರ ಕೈಗೆ ನಾನು ಇಲ್ಲಿಂದಲೇ ನಮಸ್ಕಾರ ಹಾಕುತ್ತೇನೆ. ಆಡುವ ವಸ್ತುವಿಗೆ ಅಷ್ಟು ಚೆಂದ ಯಾಕೆ ಎಂದು ಮೈಸೂರಿನಲ್ಲಿ ಆಗ ಯಾರೂ ಕೇಳಿರಲಾರರು. ಇಂಗ್ಲೆಂಡಿನಲ್ಲಿ ಎಚ್.ಜಿ. ವೆಲ್ಸ್ 1913ರಲ್ಲಿ ಆಟಿಕೆ ಸೈನಿಕರ ಯುದ್ಧಕ್ಕೆ ನಿಯಮ ಕಟ್ಟಿ ಪುಸ್ತಕ ತಂದ. ಇದೇ ಬಗೆಯ ವಾರ್‌ಹ್ಯಾಮರ್ ಆಟ ಬಂದದ್ದು 1983ರಲ್ಲಿ, ಅದರ ಅಂತರಿಕ್ಷದ ತಮ್ಮ ವಾರ್‌ಹ್ಯಾಮರ್ 40,000 ಬಂದದ್ದು 1987ರಲ್ಲಿ. ಚರಿತ್ರೆ ಇಷ್ಟು ಸಾಕು. ನನಗೆ ಆಟಕ್ಕಿಂತ ಬಣ್ಣದ ಮೇಲೇ ಮೋಹ. ಆಡುವ ದಿನ ಊಟದ ಡಬ್ಬಿಯಲ್ಲಿ ಸೈನ್ಯ ತುಂಬಿಕೊಂಡು ಹೊಸಹಳ್ಳಿಯಲ್ಲಿ ಮೆಟ್ರೋ ಹತ್ತಿ ಇಂದಿರಾನಗರದ ಕಡೆ ಹೋಗುತ್ತೇನೆ, ಸೋತು ಬರುತ್ತೇನೆ.

ಹುಡುಗಿಗೆ ಈ ಹತ್ತು ಸೈನಿಕರ ಪೆಟ್ಟಿಗೆ ಬಂದದ್ದು ಇಂಗ್ಲೆಂಡಿನಲ್ಲಿರುವ ಅವಳ ಚಿಕ್ಕಪ್ಪನಿಂದ. ಬಂದ ದಿನವೇ ಬಣ್ಣ ಹಚ್ಚುವ ಆತುರ. ನಾನು ತಡೆದೆ. ಭಾದ್ರಪದದ ಮೋಡ, ತಾರಸಿಯಲ್ಲಿ ಒಗೆದ ಬಟ್ಟೆ ಸಂಜೆಯಾದರೂ ಒಣಗುತ್ತಿರಲಿಲ್ಲ. ಇಂಥ ತೇವದಲ್ಲಿ ಪ್ರೈಮರ್, ಅಂದರೆ ತಳಬಣ್ಣದ ಸ್ಪ್ರೇ, ಹೊಡೆದರೆ ಬೊಂಬೆಯ ಮೇಲೆ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಇನ್ನೊಂದು ತೊಂದರೆ, ಬಣ್ಣದ ಹನಿ ಗಾಳಿಯಲ್ಲೇ ಒಣಗಿ ಮರಳಿನಂತೆ ಹೋಗಿ ಕೂರುತ್ತದೆ. ನಾಲ್ಕನೇ ದಿನ ಹನ್ನೊಂದು ಗಂಟೆಗೆ ಗೋವಿಂದರಾಜನಗರದ ಮೇಲೆ ಬಿಸಿಲು ಬಿತ್ತು. ಸಿಂಟೆಕ್ಸ್ ಟ್ಯಾಂಕಿನ ಮರೆಯಲ್ಲಿ ರಟ್ಟಿನ ಪೆಟ್ಟಿಗೆಯೊಳಗೆ ಈಟಿಯ ಸೈನಿಕನನ್ನು ನಿಲ್ಲಿಸಿ ಮೊದಲು ಸುತ್ತಲೂ ಕಪ್ಪು ಹೊಡೆಸಿದೆ. ಅದು ಒಣಗಿದ ಮೇಲೆ ನೆತ್ತಿಯ ನೇರದಿಂದ ಮಾತ್ರ, ಒಂದೇ ಒಂದು ಸಲ, ಬಿಳಿ.

ಅವಳು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಶಿರಸ್ತ್ರಾಣ, ಹೆಗಲು, ಮೊಣಕಾಲ ಮೇಲೆ ಬಿಳಿ. ಗದ್ದದ ಕೆಳಗೆ, ಕಂಕುಳಲ್ಲಿ, ಗುರಾಣಿಯ ಹಿಂದೆ ಕಪ್ಪು. "ಮಾಮ, ಇವನು ಮಧ್ಯಾಹ್ನದ ಬಿಸಿಲಲ್ಲಿ ನಿಂತಿದಾನೆ!"

ಅಷ್ಟು ಬೇಗ ಹಿಡಿಯುತ್ತಾಳೆ ಎಂದುಕೊಂಡಿರಲಿಲ್ಲ. ಹೊಸಬರಿಗೆ ನಾನು ಹೇಳಬೇಕಾದ್ದು ಅದೊಂದನ್ನೇ. ನಾವು ಬೊಂಬೆಗೆ ಹಚ್ಚುವುದು ಬಣ್ಣವನ್ನಲ್ಲ, ಬೆಳಕನ್ನು. ನಿಮ್ಮ ಶರ್ಟಿನ ಮಡಿಕೆ ನೋಡಿ. ಅದರ ಆಳದಲ್ಲಿ ನೆರಳಿದೆ, ಆದ್ದರಿಂದ ಕಣ್ಣಿಗೆ ಅದು ಮಡಿಕೆ. ಅದೇ ಮಡಿಕೆಯನ್ನು ಅರವತ್ತು ಪಾಲು ಕಿರಿದು ಮಾಡಿದರೆ ಅದರ ಆಳ ಕೂದಲೆಳೆಯಷ್ಟಾಗುತ್ತದೆ. ಬಟ್ಟೆ ಕುಗ್ಗಿತು, ಆದರೆ ಮನೆಯ ಟ್ಯೂಬ್‌ಲೈಟು ಕುಗ್ಗಲಿಲ್ಲ. ಅದು ನಾಲ್ಕೂ ಕಡೆಯಿಂದ ನುಗ್ಗಿ ಇದ್ದ ಚೂರು ನೆರಳನ್ನೂ ಅಳಿಸಿಬಿಡುತ್ತದೆ. ಹಾಗಾಗಿ ಅಂಗುಲದ ಆಳಿಗೆ ಸರಿಯಾದ ಬಣ್ಣವನ್ನೇ ಅಚ್ಚುಕಟ್ಟಾಗಿ ಹಚ್ಚಿದರೂ ಅವನು ಸಪ್ಪೆಯಾಗಿ ಕಾಣುತ್ತಾನೆ. ನೆರಳನ್ನು ನಾವೇ ಬರೆಯಬೇಕು, ಬಿಸಿಲನ್ನೂ ನಾವೇ ಬರೆಯಬೇಕು, ಎರಡನ್ನೂ ನಿಜಕ್ಕಿಂತ ಒಂದು ಕೈ ಹೆಚ್ಚು. ಹಿಲಾಲಿನ ಬೆಳಕಿಗೆ ಮುಖ ಬರೆದುಕೊಳ್ಳುತ್ತಿದ್ದ ಯಕ್ಷಗಾನದವರಿಗೆ ಇದು ಹೊಸ ಪಾಠವಲ್ಲ. ಚೌಕಿಯಲ್ಲಿ ಹತ್ತಿರದಿಂದ ನೋಡಿದರೆ ಆ ಹುಬ್ಬು, ಆ ಚುಟ್ಟಿ ವಿಪರೀತ. ರಂಗಸ್ಥಳದಲ್ಲಿ, ದೂರದಿಂದ, ಅದೇ ಸರಿ.

ಇಷ್ಟು ಬೋಧನೆಯಾದ ಮೇಲೂ ಗುರಾಣಿ ಕೆಟ್ಟಿತು. ಕೆಂಪನ್ನು ಟ್ಯೂಬಿನಿಂದ ತೆಗೆದು ಹಾಗೇ ಬಳಿದಿದ್ದಳು. ಗುರಾಣಿಯ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಮೊಳೆತಲೆಗಳು ಸಾಲಾಗಿದ್ದವು, ಅವೆಲ್ಲ ಕುಂಕುಮದ ಕೆಸರಿನಲ್ಲಿ ಮುಳುಗಿಹೋದವು. ಬಣ್ಣ ಎಷ್ಟು ತೆಳ್ಳಗಿರಬೇಕು ಎಂದರೆ ಇಂಗ್ಲಿಷಿನವರು ಹಾಲಿನ ಹದ ಅನ್ನುತ್ತಾರೆ. ನಮ್ಮನೆಗೆ ಬರುವ ಹಾಲನ್ನು ನಂಬಿ ನಾನು ಹಾಗೆ ಹೇಳಲಾರೆ. ದೋಸೆ ಹಿಟ್ಟಾದರೆ ಕೆಟ್ಟಿತು, ನೀರು ಮಜ್ಜಿಗೆಯಾದರೆ ಸರಿ. ಮೊದಲ ಕೋಟಿನಲ್ಲಿ ತಳದ ಕಪ್ಪು ಇಣುಕುತ್ತದೆ, ಇಣುಕಲಿ. ಒಣಗಿದ ಮೇಲೆ ಇನ್ನೊಂದು ತೆಳು ಕೋಟು. ಹೊಸಬರು ತಾಳ್ಮೆ ಕಳೆದುಕೊಳ್ಳುವುದು ಈ ಎರಡು ಕೋಟುಗಳ ನಡುವಿನ ಹತ್ತು ನಿಮಿಷದಲ್ಲೇ.

ಗುರಾಣಿಯನ್ನು ಬಿಡಿಸಿ ರಾತ್ರಿಯಿಡೀ ಡೆಟಾಲಿನಲ್ಲಿ ನೆನೆಹಾಕಿದೆವು. ಪ್ಲಾಸ್ಟಿಕ್ಕಿಗೆ ಪೆಟ್ಟಾಗದೆ ಅಕ್ರಿಲಿಕ್ ಬಿಡಿಸಲು ಈ ಹವ್ಯಾಸದವರು ಹಿಂದಿನಿಂದಲೂ ನೆಚ್ಚಿಕೊಂಡಿರುವ ಔಷಧ ಅದು. ಬೆಳಿಗ್ಗೆ ಕೈಗವಸು ಹಾಕಿ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಬೇಕು, ಬಣ್ಣ ಪೂರ್ತಿ ಹೋಗುವ ತನಕ ಡೆಟಾಲಿನಲ್ಲೇ ಅದ್ದಿ ತಿಕ್ಕಬೇಕು. ಮಧ್ಯದಲ್ಲಿ ನಲ್ಲಿ ನೀರಿಗೆ ಹಿಡಿದಿರೋ, ಬಿಟ್ಟ ಬಣ್ಣವೆಲ್ಲ ಹಲಸಿನ ಮೇಣದಂತಾಗಿ ಕೂರುತ್ತದೆ. ಮನೆ ಎರಡು ದಿನ ಆಸ್ಪತ್ರೆಯ ವಾಸನೆ ಹೊಡೆಯಿತು. ಯಾರಿಗೆ ಏನಾಯಿತು ಎಂದು ಪಕ್ಕದ ಮನೆಯವರು ವಿಚಾರಿಸಿಕೊಂಡು ಹೋದರು.

ಬ್ರಷ್ಷಿನ ವಿಷಯಕ್ಕೂ ಒಂದು ಮಾತು. ವಿನ್ಸರ್ ಅಂಡ್ ನ್ಯೂಟನ್‌ನ ಸೀರೀಸ್ 7 ಅನ್ನು 1866ರಲ್ಲಿ ವಿಕ್ಟೋರಿಯಾ ರಾಣಿಗಾಗಿ ಮಾಡಿದ್ದಂತೆ, ಸೈಬೀರಿಯಾ ಕಡೆಯ ಪ್ರಾಣಿಯ ಕೂದಲು, ಮೊನೆ ಅಂದರೆ ಮೊನೆ. ಹಳೇ ಮೈಸೂರು ಚಿತ್ರಗಾರರು ಅಳಿಲಿನ ಕೂದಲಿನ ಕುಂಚದಲ್ಲಿ ಗೆರೆ ಎಳೆಯುತ್ತಿದ್ದರು. ಮೊದಲ ಬೊಂಬೆಗೆ ಇವೇನೂ ಬೇಡ. ಸ್ಟೇಷನರಿ ಅಂಗಡಿಯ ನೈಲಾನ್ ಬ್ರಷ್ ಸಾಕು, ತಿಂಗಳಲ್ಲಿ ಅದರ ತುದಿ ಕೊಕ್ಕೆಯಾಗುತ್ತದೆ, ಆಗ ಅಂಟು ಹಚ್ಚಲು ಇಟ್ಟುಕೊಳ್ಳಿ. ತೀರಾ ಸಣ್ಣದನ್ನು ಕೊಳ್ಳುವ ಆಸೆ ಮಾತ್ರ ಬೇಡ. ಮೂರು ಸೊನ್ನೆಯ ಬ್ರಷ್ಷಿನ ಹೊಟ್ಟೆಯಲ್ಲಿ ಬಣ್ಣ ನಿಲ್ಲುವುದಿಲ್ಲ, ಬೊಂಬೆ ಮುಟ್ಟುವಷ್ಟರಲ್ಲಿ ಒಣಗಿರುತ್ತದೆ. ತುದಿ ಚೂಪಾಗಿರುವ ಒಂದನೇ ನಂಬರು ಒಳ್ಳೆಯದು. ಇನ್ನು ಯಾರಾದರೂ ಗುಟ್ಟಾಗಿ ಮುಂಗುಸಿ ಕೂದಲಿನ ಬ್ರಷ್ ತೋರಿಸಿದರೆ ಬಂದ ದಾರಿ ಹಿಡಿಯಿರಿ. 1972ರ ವನ್ಯಜೀವಿ ಕಾಯ್ದೆಯಡಿ ಅದನ್ನು ಮಾರುವುದೂ ಇಟ್ಟುಕೊಳ್ಳುವುದೂ ಅಪರಾಧ. ಹಿಡಿಯಷ್ಟು ಕೂದಲಿಗೆ ಒಂದು ಜೀವ ಹೋಗಿರುತ್ತದೆ.

ಆರನೇ ದಿನ ಸಂಜೆ ವಾಶ್ ಹಾಕುವ ಹೊತ್ತು ಬಂತು. ವಾಶ್ ಅಂದರೆ ನೀರಾದ ಕಡು ಬಣ್ಣ. ಸಿಟಡೆಲ್ ಎಂಬ ಬ್ರಾಂಡಿನ ನಲ್ನ್ ಆಯಿಲ್ ಎಂಬ ಕಪ್ಪು ವಾಶಿಗೆ 'ಶೀಶೆಯಲ್ಲಿ ಸಿಗುವ ಪ್ರತಿಭೆ' ಎಂದೇ ತಮಾಷೆಯ ಹೆಸರಿದೆ. ನಾವು ಮನೆಯಲ್ಲೇ ಮಾಡಿಕೊಂಡೆವು: ಕಂದು ಅಕ್ರಿಲಿಕ್ಕಿಗೆ ಆರೇಳು ಪಾಲು ನೀರು, ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲಿ ಕಡ್ಡಿ ಅದ್ದಿದಷ್ಟು. ಆ ಸೋಪು ಇಲ್ಲದಿದ್ದರೆ ನೀರು ಕೆಸುವಿನ ಎಲೆಯ ಮೇಲಿನಂತೆ ಮುತ್ತಾಗಿ ನಿಲ್ಲುತ್ತದೆ, ಸಂದಿಗೆ ಇಳಿಯುವುದಿಲ್ಲ. ಅವಳು ಬ್ರಷ್ ಅದ್ದಿ ಸೈನಿಕನ ಅಂಗಿಯ ಮಡಿಕೆಗೆ ತಾಗಿಸಿದಳು. ಕಂದು ನೀರು ತಾನೇ ದಾರಿ ಹುಡುಕಿಕೊಂಡು ಮಡಿಕೆಯಿಂದ ಮಡಿಕೆಗೆ ಹರಿಯಿತು, ಉಬ್ಬನ್ನು ಬಿಟ್ಟು ತಗ್ಗಿನಲ್ಲಿ ನಿಂತಿತು. ಅದುವರೆಗೆ ಹಳದಿಯ ಮುದ್ದೆಯಾಗಿದ್ದದ್ದು ನಮ್ಮ ಕಣ್ಣೆದುರೇ ಬಟ್ಟೆಯಾಯಿತು. ಕೆನ್ನೆಯ ಕೆಳಗೆ ಒಂದು ಹನಿ ಇಳಿದು ಮುಖಕ್ಕೆ ಮೂಳೆ ಬಂತು. ಹುಡುಗಿ ಉಸಿರು ಬಿಗಿಹಿಡಿದಿದ್ದಳು. ಎಷ್ಟು ವರ್ಷವಾದರೂ ನನಗೂ ಆ ಅರ್ಧ ನಿಮಿಷ ಹಳತಾಗಿಲ್ಲ.

ಕಣ್ಣಿನ ವಿಷಯಕ್ಕೆ ಮನೆಯಲ್ಲಿ ಜಗಳವಾಯಿತು. ಬೊಂಬೆಯ ಕಣ್ಣನ್ನು ಮೊದಲೇ ಬರೆದುಬಿಡು, ಬಣ್ಣ ಆಚೀಚೆ ಚೆಲ್ಲಿದರೆ ಮೇಲೆ ಮೈಬಣ್ಣ ಹಚ್ಚಿ ಮುಚ್ಚಬಹುದು ಎಂಬುದು ನನ್ನ ಪಕ್ಷ. ಅಮ್ಮ ಅಲ್ಲೇ ಹುರುಳಿಕಾಯಿ ಮುರಿಯುತ್ತ ಕೂತಿದ್ದಳು. "ಕಣ್ಣು ಕೊನೆಗೆ ಕಣೋ. ಮೂರ್ತಿ ಮಾಡೋರು ಯಾರಾದ್ರೂ ಮೊದಲು ಕಣ್ಣು ಬರೀತಾರಾ? ಮೈಯೇ ಆಗಿಲ್ಲ, ಅವನು ಏನನ್ನ ನೋಡ್ಬೇಕು?" ಎಂದಳು. ನೇತ್ರೋನ್ಮೀಲನಕ್ಕೂ ನನ್ನ ಪ್ಲಾಸ್ಟಿಕ್ ಸಿಪಾಯಿಗೂ ಸಂಬಂಧವಿಲ್ಲ ಅಂದೆ. ಯಾರೂ ಒಪ್ಪಲಿಲ್ಲ. ಹುಡುಗಿ ಅಜ್ಜಿಯ ಮಾತಿನಂತೆ ಕೊನೆಗೇ ಬರೆದಳು. ಮೊದಲು ಬಿಳಿಯ ಗೀಟು, ನಡುವೆ ಕಪ್ಪು. ಕಪ್ಪನ್ನು ಚುಕ್ಕಿ ಇಡಬೇಡ, ಮೇಲಿಂದ ಕೆಳಕ್ಕೆ ಸಣ್ಣ ಗೆರೆ ಎಳೆ, ಇಲ್ಲದಿದ್ದರೆ ಬೆಚ್ಚಿಬಿದ್ದವನಂತೆ ಕಾಣುತ್ತಾನೆ ಎಂದೆ. ಎಡಗಣ್ಣು ಬೆಚ್ಚಿತು, ಬಲಗಣ್ಣು ಮೂಗನ್ನು ನೋಡಿತು. ಅವಳ ಮುಖ ಸಣ್ಣಗಾಯಿತು.

ಅವನನ್ನು ಊಟದ ಮೇಜಿನ ಆ ತುದಿಯಲ್ಲಿಟ್ಟು, ಈ ತುದಿಯಲ್ಲಿ ಅವಳನ್ನು ಕೂರಿಸಿದೆ. ಆಟದಲ್ಲಿ ಬೊಂಬೆಯನ್ನು ನೋಡುವುದು ಮೂರಡಿ ದೂರದಿಂದ. ಅಲ್ಲಿಂದ ಮೆಳ್ಳೆಗಣ್ಣು ಕಾಣುವುದಿಲ್ಲ, ಕಣ್ಣಗುಳಿಯ ನೆರಳಷ್ಟೇ ಕಾಣುತ್ತದೆ. ಕೆಂಪು ಗುರಾಣಿ ಕಂಡಿತು, ಶಿರಸ್ತ್ರಾಣದ ಅಂಚಿನ ಬಿಸಿಲು ಕಂಡಿತು. ಅವನು ಯಾರನ್ನೋ ತಡೆದು ನಿಂತಂತಿದ್ದ. ಬೊಂಬೆಯನ್ನು ಮೂಗಿಗೆ ಹಿಡಿದು ನೋಡಿ ನಿರಾಶರಾಗಿ ಬ್ರಷ್ ಬಿಸಾಕಿದ ಎಷ್ಟೋ ಜನರನ್ನು ಬಲ್ಲೆ. ಒಂದಿಷ್ಟು ಹಿಂದೆ ಸರಿದಿದ್ದರೆ ಅವರೆಲ್ಲ ಇನ್ನೂ ಬಳಿಯುತ್ತಿರುತ್ತಿದ್ದರು.

ಅಮ್ಮ ಕನ್ನಡಕ ಹಾಕಿಕೊಂಡು ಬಂದು ಬಗ್ಗಿ ನೋಡಿದಳು. ಏನೂ ಹೇಳದೆ ಒಳಗೆ ಹೋಗಿ, ದಸರಾ ಬೊಂಬೆಗಳ ಟ್ರಂಕಿನಿಂದ ತನ್ನ ಮಣ್ಣಿನ ಗೌರಿಯನ್ನು ತಂದು ಮೇಜಿನ ಮೇಲಿಟ್ಟಳು. ಮೂವತ್ತು ವರ್ಷದಿಂದ ನವರಾತ್ರಿಗೆ ಮೊದಲು ಅವಳೇ ಅದಕ್ಕೆ ಎನಾಮೆಲ್ ಪೇಂಟ್ ಹೊಡೆಯುತ್ತ ಬಂದಿದ್ದಾಳೆ, ಹಸಿರಿನ ಮೇಲೆ ಹಸಿರು.

"ಅವನ ಅಂಗಿಗೆ ಹಾಕಿದ ನೀರನ್ನ ಇವಳ ಸೀರೆಗೂ ಹಾಕು ಪುಟ್ಟಿ, ನೆರಿಗೆ ಏಳ್ಲಿ."

ಹುಡುಗಿ ವಾಶ್ ಹಾಕಿದಳು. ನೀರು ಎಲ್ಲೂ ನಿಲ್ಲದೆ ಜಾರಿ ಪೀಠದ ಸುತ್ತ ಮಡುಗಟ್ಟಿತು. ನಿಲ್ಲಲು ತಗ್ಗೇ ಇರಲಿಲ್ಲ. ಕೊಪ್ಪಳದ ಕಿನ್ನಾಳದಲ್ಲಿ ಚಿತ್ರಗಾರರು ಬೊಂಬೆಯ ಸಂದು ತುಂಬಲು ಸೆಣಬು, ಮರದ ಹೊಟ್ಟು, ಹುಣಸೆ ಬೀಜದ ಅಂಟು ಸೇರಿಸಿ ಕಣಕ ಮಾಡಿಕೊಳ್ಳುತ್ತಾರೆ. ನಮ್ಮಮ್ಮ ಬರೀ ಪೇಂಟಿನಲ್ಲೇ ಆ ಕೆಲಸ ಮುಗಿಸಿದ್ದಳು. ಇದು ಮಣ್ಣು, ಇದಕ್ಕೆ ಡೆಟಾಲ್ ನಡೆಯುವುದಿಲ್ಲ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ಬಟ್ಟೆಯಲ್ಲಿ ಒರೆಸಿ, ಕಡು ಹಸಿರನ್ನು ಕಲಸಿಕೊಂಡು, ಗೌರಿಯ ಸೊಂಟದಿಂದ ಪಾದದ ತನಕ ಒಂದು ನೆರಳು ಎಳೆದಳು. ಅದರ ಪಕ್ಕಕ್ಕೆ ತಿಳಿ ಹಸಿರಿನ ಬಿಸಿಲು. ಮತ್ತೊಂದು ನೆರಳು, ಮತ್ತೊಂದು ಬಿಸಿಲು. ನುಣ್ಣಗಿದ್ದ ಮಣ್ಣಿನ ಮೇಲೆ ನಾಲ್ಕು ನೆರಿಗೆ ಎದ್ದವು.

ಅಮ್ಮ ಮೇಜಿನ ಈ ತುದಿಗೆ ಬಂದು, ಮೂರಡಿ ದೂರದಿಂದ, ಕಣ್ಣು ಕಿರಿದು ಮಾಡಿ ನೋಡಿದಳು.

"ನಾಲ್ಕು ಸಾಲ್ದು ಕಣೇ, ಅದು ಒಂಬತ್ತು ಗಜದ ಸೀರೆ."