ದಾಖಲಾತಿ ಇಳಿದರೆ ಗೆದ್ದಂತೆಯೇ? ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಗಡಿಯಿಂದ ಒಂದು ತಕರಾರು

ನಾವೀಗ ಚರ್ಚಿಸುತ್ತಿರುವ ವಾದ ಇಷ್ಟು: ಆಶಾ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರ, ದೊಡ್ಡಾಸ್ಪತ್ರೆ ಮೂರೂ ಒಬ್ಬ ರೋಗಿಯ ವಿಷಯದಲ್ಲಿ ಕೂಡಿ ಕೆಲಸ ಮಾಡಿದರೆ ಆಸ್ಪತ್ರೆ ದಾಖಲಾತಿ ಇಳಿಯುತ್ತದೆ, ಖರ್ಚೂ ಇಳಿಯುತ್ತದೆ. ಸಮನ್ವಯ ಬೇಡ ಅಂತ ನಾನು ಹೇಳ್ತಿಲ್ಲ. ಅದನ್ನು ಅಳೆಯುವ ಕೋಲಿನ ಬಗ್ಗೆ ನನ್ನ ತಕರಾರು.

ಮೊದಲು ಅಮೆರಿಕದ ಕ್ಯಾಮ್ಡನ್ ನಗರದ ಪ್ರಯೋಗ ನೋಡೋಣ. ಪದೇ ಪದೇ ಆಸ್ಪತ್ರೆ ಸೇರುತ್ತಿದ್ದ 800 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ನರ್ಸ್, ಸಮಾಜ ಕಾರ್ಯಕರ್ತರ ನೆರವು ಸಿಕ್ಕಿತು. 2020ರಲ್ಲಿ ಫಲಿತಾಂಶ ಬಂತು: 180 ದಿನದೊಳಗೆ ಮತ್ತೆ ದಾಖಲಾದವರು ನೆರವು ಪಡೆದವರಲ್ಲಿ ಶೇ. 62.3, ಪಡೆಯದವರಲ್ಲಿ ಶೇ. 61.7. ನೆರವು ಪಡೆದವರ ಮೊದಲಿನ ಮತ್ತು ಆಮೇಲಿನ ಲೆಕ್ಕವನ್ನಷ್ಟೇ ನೋಡಿದ್ದರೆ ದಾಖಲಾತಿ ಭಾರೀ ಇಳಿದಂತೆ ಕಾಣುತ್ತಿತ್ತು. ತೀರಾ ಹದಗೆಟ್ಟ ಹೊತ್ತಿನಲ್ಲಿ ಆಯ್ದ ರೋಗಿಗಳಲ್ಲಿ ಹಲವರು ನೆರವಿಲ್ಲದೆಯೂ ಸುಧಾರಿಸುತ್ತಾರೆ, ಅಷ್ಟೇ.

ಈಗ ನಮ್ಮ ಗಡಿಗೆ ಬರೋಣ. ಇಲ್ಲಿ ಮೊದಲಿನ ಲೆಕ್ಕವೇ ಜಾರುತ್ತದೆ. ಗದ್ವಾಲ್ ಜಿಲ್ಲೆಯಾದದ್ದು 2016ರಲ್ಲಿ, ನಾರಾಯಣಪೇಟೆ 2019ರಲ್ಲಿ. 2024ರಲ್ಲಿ ಎರಡಕ್ಕೂ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. ಹಾಸಿಗೆ ಹೆಚ್ಚಾದಲ್ಲಿ ದಾಖಲಾತಿಯೂ ಹೆಚ್ಚುತ್ತದೆ. ದುಡಿಯಲು ಹೈದರಾಬಾದ್, ಮುಂಬೈಗೆ ಹೋದವರು ಕಾಯಿಲೆ ಬಿದ್ದರೆ ಅಲ್ಲಿನ ಪುಸ್ತಕದಲ್ಲಿ ಸೇರುತ್ತಾರೆ. ಇನ್ನು ಮಕ್ತಲ್‌ನವರಿಗೆ ಮಹಬೂಬನಗರಕ್ಕಿಂತ ರಾಯಚೂರು ಹತ್ತಿರ. ಕೃಷ್ಣಾ ನದಿ ದಾಟಿ ಅಲ್ಲಿ ಹಾಸಿಗೆ ಹಿಡಿದ ರೋಗಿಯನ್ನು ತೆಲಂಗಾಣದ ಆಸ್ಪತ್ರೆಗಳ ದಾಖಲೆಯಲ್ಲಿ ಹುಡುಕಿದರೆ ಸಿಗೋದಿಲ್ಲ. ನಮ್ಮ ತಖ್ತೆಯಲ್ಲಿ ಅದು ‘ತಪ್ಪಿದ ದಾಖಲಾತಿ’!

ಎರಡನೆಯದು, ಯಾರ ಖರ್ಚು? 2007ರಲ್ಲಿ ಶುರುವಾದ ಆರೋಗ್ಯಶ್ರೀ ಮುಖ್ಯವಾಗಿ ಆಸ್ಪತ್ರೆ ಸೇರಿದವರ ಚಿಕಿತ್ಸೆಗೆ ಹಣ ಕೊಡುತ್ತದೆ. 2023ರ ಡಿಸೆಂಬರ್‌ನಲ್ಲಿ ಮಿತಿ 10 ಲಕ್ಷಕ್ಕೇರಿತು. ಬಸ್ ಚಾರ್ಜು, ಹೋದ ದಿನಗೂಲಿ, ಹೊರಗೆ ಕೊಂಡ ಬಿಪಿ ಮಾತ್ರೆ ಇವೆಲ್ಲ ಮನೆಯವರ ತಲೆಗೆ. ಸರ್ಕಾರಕ್ಕೆ ಒಂದು ರೂಪಾಯಿ ಉಳಿಯದೆಯೂ ಈ ಮನೆಗಳಿಗೆ ಉಳಿತಾಯ ಆಗಬಹುದು.

ಮೂರನೆಯದು, ಎಲ್ಲ ದಾಖಲಾತಿಯೂ ಕೆಟ್ಟದ್ದಲ್ಲ. 2010ರಲ್ಲಿ ಕಲಬುರಗಿ ವಿಭಾಗದಲ್ಲಿ ಶುರುವಾದ ವಾಜಪೇಯಿ ಆರೋಗ್ಯಶ್ರೀಯನ್ನು ಸಂಶೋಧಕರು ಗಡಿಹಳ್ಳಿಗಳಲ್ಲೇ ಅಳೆದರು: ಯೋಜನೆಯಿದ್ದ 300 ಹಳ್ಳಿ, ಪಕ್ಕದಲ್ಲಿ ಇಲ್ಲದ 272. ಬಡ ಕುಟುಂಬಗಳಲ್ಲಿ, ಯೋಜನೆಗೆ ಸೇರಿದ ಕಾಯಿಲೆಗಳಿಂದಾದ ಸಾವು ಶೇ. 0.32 ಮತ್ತು ಶೇ. 0.90. ಆ ಯೋಜನೆಯ ಕೆಲಸವೇ ದೊಡ್ಡಾಸ್ಪತ್ರೆಗೆ ದಾರಿ ಮಾಡಿಕೊಡುವುದು. ದಾಖಲಾತಿ ಇಳಿತವೊಂದೇ ಕೋಲಾಗಿದ್ದರೆ ಅದಕ್ಕೆ ಸೊನ್ನೆ ಅಂಕ ಬೀಳುತ್ತಿತ್ತು. ಆಶಾ ಕಾರ್ಯಕರ್ತೆ ಬಚ್ಚಿಟ್ಟುಕೊಂಡಿದ್ದ ಹೃದ್ರೋಗವನ್ನು ಪತ್ತೆ ಮಾಡಿದರೂ ದಾಖಲಾತಿ ಏರುತ್ತದಲ್ಲ?

ಆದ್ದರಿಂದ ನನ್ನ ಸಲಹೆ: ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣು, ಬಿಪಿಯಿಂದಾಗುವ ಪಾರ್ಶ್ವವಾಯು, ಉಬ್ಬಸ, ಹೀಗೆ ತಪ್ಪಿಸಬಹುದಾದ ದಾಖಲಾತಿಯನ್ನು ಬೇರೆಯಾಗಿ ಎಣಿಸಿ. ಆಸ್ಪತ್ರೆಯ ರಿಜಿಸ್ಟರಿಗಿಂತ ಮೊದಲು ಮನೆಯಲ್ಲಿ ಕೇಳಿ. ಆಗ ನದಿಯ ಎರಡೂ ದಡ ಲೆಕ್ಕಕ್ಕೆ ಬರುತ್ತವೆ. ಕೇಂದ್ರಗಳನ್ನು ಸರದಿಯ ಮೇಲೆ ಸೇರಿಸಿದರೆ, ಸರದಿ ಕಾಯುವ ಊರುಗಳೇ ಹೋಲಿಕೆಗೆ ಒದಗುತ್ತವೆ.

ಕೊನೆಗೆ ಒಬ್ಬರು ಕೇಳಿದರು: “ಖರ್ಚು ಉಳಿಯದಿದ್ದರೂ ಸಮನ್ವಯ ಬೇಕಾ, ಸರ್?” ಬೇಕು. ಆದರೆ ಉಳಿತಾಯದ ಆಸೆ ತೋರಿಸಿ ಅದನ್ನು ಶುರು ಮಾಡಬಾರದು. ಉಳಿತಾಯ ಕಾಣದ ವರ್ಷ, ಅದೇ ಕಾರಣ ಕೊಟ್ಟು ಮುಚ್ಚುತ್ತಾರೆ. ಆಗ ಮಾತ್ರೆ ತಪ್ಪೋದು ಮಕ್ತಲ್‌ನ ರೋಗಿಗೆ, ನಮಗಲ್ಲ.