ಮಣ್ಣಿಲ್ಲದ ಮೇವು: ತೂಕ ಯಾವುದರದು?

ಒಂದು ಕಿಲೋಗ್ರಾಂ ಗೋವಿನಜೋಳವನ್ನು (ಮೆಕ್ಕೆಜೋಳ) ನೆನೆಸಿ ತಟ್ಟೆಗಳಲ್ಲಿ ಹರಡಿದರೆ ಎಂಟು ದಿನಗಳಲ್ಲಿ ಆರೇಳು ಕಿಲೋಗ್ರಾಂ ಹಸಿರು ಮೇವು ಸಿದ್ಧ. ಮಣ್ಣು ಬೇಡ, ಹೊಲ ಬೇಡ. ಜಲಕೃಷಿ (ಹೈಡ್ರೋಪೋನಿಕ್ಸ್) ಮೇವಿನ ಬಗ್ಗೆ ಕೇಳಿಬರುವ ಮಾತು ಇದು. ಕೊಪ್ಪಳ ಜಿಲ್ಲೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯಿರುವ ಗಂಗಾವತಿಯವರಿಗೆ ಭತ್ತದ ಹುಲ್ಲಾದರೂ ಇದೆ. ಬಹುಪಾಲು ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾಗಳ ರೈತನಿಗೆ ಬರಗಾಲದಲ್ಲಿ ಇಂಥ ಮಾತು ಆಸೆ ಹುಟ್ಟಿಸುವುದು ಸಹಜ. ಸಾಲ ಮಾಡಿ ಯಂತ್ರ ಕೊಳ್ಳುವ ಮೊದಲು ಈ ಅಂಕಿಯನ್ನು ಪರಿಶೀಲಿಸಬೇಕು.

ಅಂಕಿ ಸುಳ್ಳಲ್ಲ. ಆದರೆ ಹೆಚ್ಚಿದ ತೂಕ ಯಾವುದರದು? ಒಣಗಿದ ಕಾಳಿನಲ್ಲಿ ತೇವಾಂಶ ಸುಮಾರು ಶೇಕಡ 12. ಅಂದರೆ 1 ಕಿಲೋಗ್ರಾಂ ಕಾಳಿನಲ್ಲಿ ಒಣ ಪದಾರ್ಥ 880 ಗ್ರಾಂ. ಮೇವಿನಲ್ಲಿ ನೀರು ಶೇಕಡ 87 ಎಂದಿಟ್ಟುಕೊಂಡರೆ, 6 ಕಿಲೋಗ್ರಾಂ ಮೇವಿನ ಒಣ ಪದಾರ್ಥ 780 ಗ್ರಾಂ. ಹೆಚ್ಚಿದ್ದೆಲ್ಲ ನೀರು, ಒಣ ಪದಾರ್ಥ 100 ಗ್ರಾಂ ಕಡಿಮೆಯೇ ಆಗಿದೆ! ಎಳೆಯ ಸಸಿ ಮೊದಲ ವಾರ ಬದುಕುವುದು ಮುಖ್ಯವಾಗಿ ಬೀಜದ ಪಿಷ್ಟದಿಂದ. ಉಸಿರಾಟದಲ್ಲಿ ಅದರ ಒಂದು ಭಾಗ ಕಾರ್ಬನ್ ಡೈಆಕ್ಸೈಡ್ ಆಗಿ ಹೊರಹೋಗುತ್ತದೆ. ದ್ಯುತಿಸಂಶ್ಲೇಷಣೆ ಅಷ್ಟರಲ್ಲಿ ಆ ನಷ್ಟವನ್ನು ತುಂಬಿಕೊಡಲಾರದು.

400 ಕಿಲೋಗ್ರಾಂ ತೂಕದ, ಹಾಲು ಕರೆಯುವ ಹಸುವಿಗೆ ದಿನಕ್ಕೆ ಸುಮಾರು 10 ಕಿಲೋಗ್ರಾಂ ಒಣ ಪದಾರ್ಥ ಬೇಕು. ಎಲ್ಲವನ್ನೂ ಈ ಮೇವಿನಿಂದಲೇ ಕೊಡುವುದಾದರೆ 77 ಕಿಲೋಗ್ರಾಂ ಮೇವು, ಅದಕ್ಕೆ ಹೆಚ್ಚುಕಡಿಮೆ 13 ಕಿಲೋಗ್ರಾಂ ಕಾಳು! ಆ ಕಾಳು ಬೆಳೆದದ್ದೆಲ್ಲಿ? ಯಾರದೋ ಹೊಲದ ಮಣ್ಣಿನಲ್ಲಿ, ಮಳೆ ಅಥವಾ ಕಾಲುವೆಯ ನೀರಿನಿಂದ. ನೀರಿನ ಉಳಿತಾಯವನ್ನು ಹೇಳುವಾಗ ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹೆಸರಿನ ಬಗ್ಗೆಯೂ ತಕರಾರಿದೆ. 1860ರ ಆಸುಪಾಸಿನಲ್ಲಿ ಜರ್ಮನಿಯ ಸಾಕ್ಸ್ ಮತ್ತು ಕ್ನೋಪ್ ಲವಣಗಳ ದ್ರಾವಣದಲ್ಲಿ ಸಸ್ಯ ಬೆಳೆಸಿದರು. ಆ ಪೋಷಕ ದ್ರಾವಣವೇ ಜಲಕೃಷಿಯ ಜೀವಾಳ. ಮೇವಿನ ತಟ್ಟೆಗೆ ಸಾಮಾನ್ಯವಾಗಿ ಬರಿಯ ನೀರು. ಇದು ನಮ್ಮ ಅಡುಗೆಮನೆಯ ಹೆಸರುಕಾಳಿನ ಮೊಳಕೆಗೆ ಅಣ್ಣನಷ್ಟೆ. ನಿಜವಾದ ಜಲಕೃಷಿಯೂ ಅತಿಶಯೋಕ್ತಿಯಿಂದ ಪಾರಾಗಲಿಲ್ಲ. ಕ್ಯಾಲಿಫೋರ್ನಿಯದ ಗೆರಿಕೆ ಅವರ ಪ್ರಯೋಗಗಳಿಂದ 1930ರ ದಶಕದಲ್ಲಿ ಹಬ್ಬಿದ ಭರವಸೆಗಳನ್ನು ಅದೇ ವಿಶ್ವವಿದ್ಯಾಲಯದ ಹೋಗ್ಲಂಡ್ ಮತ್ತು ಆರ್ನನ್ ಪರಿಶೀಲಿಸಿದರು. ಒಳ್ಳೆಯ ಮಣ್ಣಿನಲ್ಲಿ ಬರುವುದಕ್ಕಿಂತ ಇಳುವರಿ ವಿಶೇಷವಾಗಿ ಹೆಚ್ಚಲ್ಲವೆಂದು 1938ರಲ್ಲಿ ವರದಿ ಮಾಡಿದರು.

ಹಾಗೆಂದು ಮೊಳಕೆ ಮೇವು ನಿಷ್ಪ್ರಯೋಜಕವಲ್ಲ. ಅದರಲ್ಲಿ ಕೆಲವು ಜೀವಸತ್ವಗಳು ಹೆಚ್ಚುತ್ತವೆ, ದನಗಳು ಇಷ್ಟಪಟ್ಟು ತಿನ್ನುತ್ತವೆ. ಒಣಹುಲ್ಲಿನ ಜೊತೆಗೆ ಪೂರಕವಾಗಿ ಕೊಡಬಹುದು.

ಶಿಕ್ಷಕರು ಇದನ್ನು ಶಾಲೆಯಲ್ಲೇ ಪರೀಕ್ಷಿಸಬಹುದು. 100 ಗ್ರಾಂ ಕಾಳಿನ ಎರಡು ಪಾಲು ಮಾಡಿ, ಒಂದನ್ನು ಹಾಗೆಯೇ ತೂಕ ಸ್ಥಿರವಾಗುವವರೆಗೆ ಒಣಗಿಸಿ ತೂಗಬೇಕು. ಇನ್ನೊಂದನ್ನು ಎಂಟು ದಿನ ಬೆಳೆಸಿ, ಬೇರು ಮತ್ತು ಮೊಳೆಯದ ಕಾಳುಗಳ ಸಹಿತ ಹಾಗೆಯೇ ಒಣಗಿಸಿ ತೂಗಬೇಕು. ವಿಜ್ಞಾನ ಪ್ರದರ್ಶನದ ಫಲಕದಲ್ಲಿ ಹಸಿ ತೂಕದ ಪಕ್ಕದಲ್ಲೇ ಈ ಎರಡು ಒಣ ತೂಕಗಳನ್ನೂ ವಿದ್ಯಾರ್ಥಿಗಳು ಬರೆಯಲಿ.